ಆ್ಯಂಗರ್ ಅಂಗಾರದಿಂದ ಬಂದಿದೆಯೇ? ಹಳೆಯ ಇಂಗ್ಲಿಷಿನ ಸಿಟ್ಟಿನ ಪದಗಳು

ಪ್ರಶ್ನೆ: ಇಂಗ್ಲಿಷಿನ 'ಆ್ಯಂಗರ್' ಪದ ಸಂಸ್ಕೃತದ 'ಅಂಗಾರ'ದಿಂದ, ಅಂದರೆ ಕೆಂಡದಿಂದ ಹುಟ್ಟಿದ್ದು ಎಂದು ಒಂದು ಕಡೆ ಓದಿದೆ. ಸಿಟ್ಟೂ ಸುಡುವಂಥದ್ದೇ ಆದ್ದರಿಂದ ಸರಿ ಎನಿಸಿತು. ಇದು ನಿಜವೇ? ಸಾವಿರ ವರ್ಷದ ಹಿಂದೆ ಇಂಗ್ಲಿಷರು ಸಿಟ್ಟಿಗೆ ಏನನ್ನುತ್ತಿದ್ದರು? ರಾತ್, ಐರ್, ರೇಜ್, ಫ್ಯೂರಿ ಎಲ್ಲಕ್ಕೂ ಬೇರು ಒಂದೇಯೇ? ಬೇವುಲ್ಫ್ ಎಂಬ ಹಳೆಯ ಇಂಗ್ಲಿಷ್ ವೀರಕಾವ್ಯದ ಕೆಲವು ಭಾಗಗಳನ್ನು ಕನ್ನಡಕ್ಕೆ ತರುವ ಆಸೆಯಿದೆ. ಆ ಕೆಲಸಕ್ಕೂ ಇದು ಬೇಕಾಗಿದೆ.

ಉತ್ತರ:

ಅಂಗಾರದಿಂದ ಬಂದಿಲ್ಲ. ಅಂಗಾರದ ನಿಜವಾದ ನೆಂಟರು ಲಿಥುವೇನಿಯನ್ ಭಾಷೆಯ 'ಆಂಗ್ಲಿಸ್' ಮತ್ತು ರಷ್ಯನ್ ಭಾಷೆಯ 'ಊಗಲ್'. ಎರಡಕ್ಕೂ ಇದ್ದಿಲು ಎಂದೇ ಅರ್ಥ. ಆ್ಯಂಗರ್ ಬೇರೆ ಕುಲದ್ದು. ಅದರ ಬೇರಿನಲ್ಲಿ ಬೆಂಕಿ ಇಲ್ಲ, ಇಕ್ಕಟ್ಟು ಇದೆ: ಬಿಗಿಯುವುದು, ಹಿಸುಕುವುದು, ಉಸಿರಾಡಲು ಎಡೆಯಿಲ್ಲದಂತೆ ಮಾಡುವುದು. ಸಂಸ್ಕೃತದಲ್ಲಿ ಇದರ ಒಡಹುಟ್ಟು 'ಅಂಹಸ್'. ಋಗ್ವೇದದಲ್ಲಿ ಈ ಪದಕ್ಕೆ ಸಂಕಟ, ಇಕ್ಕಟ್ಟು ಎಂಬ ಅರ್ಥ. 'ಅಂಹು' ಎಂದರೆ ಇಕ್ಕಟ್ಟಾದದ್ದು. ಮುಂದೆ ಅರ್ಥ ಸರಿದು ಪಾಪ ಎಂದಾಯಿತು. ಅಮರಕೋಶವು ಪಾಪದ ಪರ್ಯಾಯಗಳ ಸಾಲಿನಲ್ಲಿ ಕಲುಷ, ಅಘ, ದುರಿತಗಳ ಜೊತೆಗೆ ಅಂಹಸ್ಸನ್ನೂ ಸೇರಿಸಿದೆ.

ಅಂಗಾರ ಸದ್ದಿನಲ್ಲಿ ಎಷ್ಟೋ ಹತ್ತಿರವಿದೆ. ಆದರೂ ಅದನ್ನು ಬಿಟ್ಟು ಅಂಹಸ್ಸನ್ನು ಏಕೆ ಹಿಡಿಯಬೇಕು ಎಂದು ನೀವು ಕೇಳಬಹುದು. ಒಂದೇ ಮೂಲದಿಂದ ಬಂದ ಭಾಷೆಗಳಲ್ಲಿ ಸದ್ದುಗಳು ಮನಬಂದಂತೆ ಬದಲಾಗುವುದಿಲ್ಲ, ಸಾಲುಸಾಲಾಗಿ ಬದಲಾಗುತ್ತವೆ. ಸಂಸ್ಕೃತದಲ್ಲಿ ಇಂಥ ಕಡೆ 'ಹ' ಇದ್ದರೆ ಜರ್ಮ್ಯಾನಿಕ್ ಭಾಷೆಗಳಲ್ಲಿ (ಇಂಗ್ಲಿಷ್, ಜರ್ಮನ್, ಡಚ್, ನಾರ್ಸ್ ಮೊದಲಾದವುಗಳ ಬಳಗ) 'ಗ' ಇರುತ್ತದೆ: ಹಂಸಕ್ಕೆ ಇಂಗ್ಲಿಷಿನಲ್ಲಿ ಗೂಸ್, ಜರ್ಮನ್ನಿನಲ್ಲಿ ಗಾನ್ಸ್; 'ವಹ್' ಧಾತುವಿಗೆ ವ್ಯಾಗನ್. ಸಂಸ್ಕೃತದಲ್ಲಿ 'ಗ' ಇದ್ದರೆ ಅಲ್ಲಿ 'ಕ' ಬರುತ್ತದೆ: ಯುಗಕ್ಕೆ ಯೋಕ್ (ಎರಡಕ್ಕೂ ಮೂಲಾರ್ಥ ನೊಗ), ಗೋವಿಗೆ ಕೌ. ಅಂದರೆ ಅಂಗಾರಕ್ಕೆ ಇಂಗ್ಲಿಷಿನಲ್ಲಿ ನೆಂಟ ಪದ ಉಳಿದಿದ್ದರೆ ಅದರಲ್ಲಿ 'ಕ' ಇರಬೇಕಿತ್ತು. ಆ್ಯಂಗರ್‌ನಲ್ಲಿ 'ಗ' ಇದೆ. ಆದ್ದರಿಂದ ಸಂಸ್ಕೃತದಲ್ಲಿ 'ಹ' ಇರುವ ಪದವನ್ನೇ ಹುಡುಕಬೇಕು. ಈ ಪಲ್ಲಟಗಳನ್ನು ನಿಯಮವಾಗಿ ಜೋಡಿಸಿ 1822ರಲ್ಲಿ ಮುಂದಿಟ್ಟವರು ಯಾಕೋಬ್ ಗ್ರಿಮ್. ದೂರದ ಎರಡು ಭಾಷೆಗಳ ಪದಗಳು ಅಚ್ಚಿನಲ್ಲಿ ಒತ್ತಿದಷ್ಟು ಒಂದೇ ಥರ ಕೇಳಿಸಿದರೆ ಮೊದಲು ಸಂಶಯಪಡುವುದೇ ಸರಿಯಾದ ಕ್ರಮ. ಹಾಗೆಯೇ 'ಡೇಂಜರ್' ಪದವನ್ನೂ ಆ್ಯಂಗರ್ ಜೊತೆ ಕಟ್ಟಬೇಡಿ. ಅದು ಫ್ರೆಂಚಿನಿಂದ ಬಂದದ್ದು, ಒಡೆಯನ ಅಧಿಕಾರ ಎಂಬರ್ಥದ ಲ್ಯಾಟಿನ್ ಪದದ ಮೊಮ್ಮಗು.

ಇನ್ನೊಂದು ಸಂಗತಿ ಹಲವರಿಗೆ ಆಶ್ಚರ್ಯ ತರುತ್ತದೆ. ಆ್ಯಂಗರ್ ಹಳೆಯ ಇಂಗ್ಲಿಷಿನ ಪದವೇ ಅಲ್ಲ. ಅದು ಸ್ಕ್ಯಾಂಡಿನೇವಿಯದಿಂದ ಬಂದವರ ಮಾತು. 865ರಲ್ಲಿ ಡೇನರ ದೊಡ್ಡ ಸೈನ್ಯ ಇಂಗ್ಲೆಂಡಿಗೆ ಬಂದಿಳಿಯಿತು. ಮುಂದಿನ ದಶಕಗಳಲ್ಲಿ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಅವರು ಹೊಲ ಉತ್ತು ನೆಲೆಸಿದರು. ಅವರ ಹಳೆಯ ನಾರ್ಸ್ ಭಾಷೆಯಲ್ಲಿ 'ಆಂಗ್ರ್' ಎಂದರೆ ದುಃಖ, ತೊಂದರೆ. ಸಿಟ್ಟಲ್ಲ. ಇಂಗ್ಲಿಷ್ ಬರಹದಲ್ಲಿ ಇದು ಮೊದಲು ಕಾಣುವ ಕಡೆಗಳಲ್ಲಿ ಒಂದು ಆರ್ಮುಲಮ್. 12ನೇ ಶತಮಾನದಲ್ಲಿ ಲಿಂಕನ್‌ಶರ್ ಸೀಮೆಯ ಆರ್ಮ್ ಎಂಬ ಪಾದ್ರಿ ಬರೆದ ಪದ್ಯರೂಪದ ಧರ್ಮಬೋಧೆ ಅದು. ಅಲ್ಲಿ ಇದು ಕ್ರಿಯಾಪದವಾಗಿದೆ, ಅರ್ಥ 'ನೋಯಿಸು, ಕಾಡು'. 13ನೇ ಶತಮಾನದ ಬರಹಗಳಲ್ಲಿ ಆ್ಯಂಗರ್ ಎಂದರೆ ಸಂಕಷ್ಟ. ಆಮೇಲೆ ಸಂಕಷ್ಟದಿಂದ ಹುಟ್ಟುವ ಕಿರಿಕಿರಿ. 14ನೇ ಶತಮಾನದ ಹೊತ್ತಿಗೆ ನಾವು ತಿಳಿದಿರುವ ಸಿಟ್ಟು. ಹಳೆಯ ಅರ್ಥ ಒಂದೇ ಸಲಕ್ಕೆ ಅಳಿಯಲಿಲ್ಲ, ಎರಡೂ ಬಹುಕಾಲ ಜೊತೆಗೇ ಇದ್ದವು. ಆದ್ದರಿಂದ ಆ ಕಾಲದ ಪಠ್ಯದಲ್ಲಿ ಆ್ಯಂಗರ್ ಕಂಡ ತಕ್ಷಣ ಕೋಪ ಎಂದು ಬರೆದರೆ ಎಷ್ಟೋ ಕಡೆ ಸಾಲಿನ ಅರ್ಥವೇ ಕೆಡುತ್ತದೆ.

ಇದೇ ಬೇರು ಹಳೆಯ ಇಂಗ್ಲಿಷಿನಲ್ಲಿ ಸ್ವಂತವಾಗಿಯೂ ಇತ್ತು, ಸಿಟ್ಟಿನ ಅರ್ಥದಲ್ಲಿ ಮಾತ್ರ ಇರಲಿಲ್ಲ. 'ಎಂಗೆ' ಎಂದರೆ ಇಕ್ಕಟ್ಟಾದ; 'ಆಂಗ್‌ಮೋಡ್' ಎಂದರೆ ಮನಸ್ಸು ಹಿಂಡಿದಂತಿರುವ, ಚಿಂತೆಗೊಳಗಾದ; 'ಆಂಗ್‌ನೈಲ್' ಎಂದರೆ ಕಾಲಿನಲ್ಲಿ ಮೊಳೆಯಂತೆ ಗಟ್ಟಿಯಾಗಿ ನೋಯುವ ಆಣಿ. ಈ ಕೊನೆಯದನ್ನು ಮುಂದಿನವರು 'ಹ್ಯಾಂಗ್' ಎಂದು ತಪ್ಪಾಗಿ ಕೇಳಿಸಿಕೊಂಡು ಹ್ಯಾಂಗ್‌ನೇಲ್ ಮಾಡಿದರು. ಅರ್ಥವೂ ಕಾಲಿನಿಂದ ಕೈಬೆರಳ ಉಗುರಿನ ಪಕ್ಕ ಎದ್ದ ಸಿಬಿರು ಚರ್ಮಕ್ಕೆ ಸರಿಯಿತು. ಲ್ಯಾಟಿನ್‌ನ 'ಆಂಗೆರೆ' (ಕತ್ತು ಹಿಸುಕು), ಅದರಿಂದ ಬಂದ ಆ್ಯಂಗ್ಸೈಟಿ, ಜರ್ಮನ್ನಿನ 'ಆಂಗ್ಸ್ಟ್' (ಭಯ) ಎಲ್ಲ ಇದೇ ಮನೆಯವು. ಎದೆ ಬಿಗಿಹಿಡಿಯುವ ಕಾಯಿಲೆಯನ್ನು 1768ರಲ್ಲಿ ವಿವರಿಸಿದ ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ ಅದಕ್ಕೆ ಆಂಜೈನಾ ಎಂದು ಹೆಸರಿಟ್ಟಾಗ ಬಳಸಿದ್ದೂ ಈ ಬಿಗಿತದ ಪದವನ್ನೇ.

ಹಾಗಾದರೆ ಆ್ಯಂಗರ್ ಬರುವ ಮೊದಲು ಏನಿತ್ತು? ಹತ್ತಕ್ಕೂ ಹೆಚ್ಚು ಪದಗಳಿದ್ದವು. ಅವುಗಳ ಬೇರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅವುಗಳಲ್ಲಿ ಹೆಚ್ಚಿನವು ಸಿಟ್ಟಾದವನು ಇತರರಿಗೆ ಏನು ಮಾಡುತ್ತಾನೆ ಎಂಬುದನ್ನು ಹೇಳುವುದಿಲ್ಲ, ಸಿಟ್ಟು ಅವನಿಗೆ ಏನು ಮಾಡುತ್ತದೆ ಎಂಬುದನ್ನು ಹೇಳುತ್ತವೆ: ದಾರಿ ತಪ್ಪಿಸುತ್ತದೆ, ತಿರುಚುತ್ತದೆ, ಸೀಳುತ್ತದೆ, ಉಬ್ಬಿಸುತ್ತದೆ. ಸಿಟ್ಟು ಮತ್ತು ಸಂಕಟ ಆ ಭಾಷೆಯಲ್ಲಿ ಅಕ್ಕಪಕ್ಕದ ಕೋಣೆಗಳು, ನಡುವಿನ ಬಾಗಿಲು ತೆರೆದೇ ಇತ್ತು. ಅನುವಾದಕ್ಕೆ ಕೂತಾಗ ಇದನ್ನು ಮರೆಯದಿದ್ದರೆ ಅರ್ಧ ತೊಡಕು ನೀಗುತ್ತದೆ.

ಅತಿ ಹೆಚ್ಚು ಬಳಕೆಯಲ್ಲಿದ್ದದ್ದು 'ಇರ್ರೆ'. ಮೊದಲ ಸ್ವರವನ್ನು ತುಟಿ ದುಂಡಗೆ ಮಾಡಿ 'ಇ' ಎಂದರೆ ಹತ್ತನೇ ಶತಮಾನದ ಕೊನೆಯ ವೆಸ್ಟ್ ಸ್ಯಾಕ್ಸನ್ (ದಕ್ಷಿಣ ಇಂಗ್ಲೆಂಡಿನ ಉಪಭಾಷೆ) ಉಚ್ಚಾರಕ್ಕೆ ಹತ್ತಿರವಾಗುತ್ತದೆ. ಇದು ನಾಮಪದವೂ ಹೌದು, ವಿಶೇಷಣವೂ ಹೌದು: ಸಿಟ್ಟು, ಸಿಟ್ಟಾದ. ಬೇರಿನ ಅರ್ಥ 'ದಾರಿ ತಪ್ಪಿದ'. ಅಳಿದುಹೋದ ಜರ್ಮ್ಯಾನಿಕ್ ಭಾಷೆಯಾದ ಗಾಥಿಕ್‌ನ 'ಎರ್ಜೀಸ್' ಎಂದರೆ ದಾರಿ ತಪ್ಪಿದವನು. ಜರ್ಮನ್ನಿನ 'ಇರ್ರೆ' ಇಂದಿಗೂ ದಿಕ್ಕೆಟ್ಟ, ಬುದ್ಧಿ ಕೆಟ್ಟ ಎಂಬ ಅರ್ಥದಲ್ಲಿದೆ. ಲ್ಯಾಟಿನ್‌ನ 'ಎರ್ರಾರೆ', ಅದರಿಂದ ಬಂದ ಎರರ್ ಇದರ ದಾಯಾದಿಗಳು. ಜರ್ಮನ್ ಹಳೆಯ ಅರ್ಥವನ್ನು ಉಳಿಸಿಕೊಂಡಿತು, ಇಂಗ್ಲಿಷ್ ಅದನ್ನು ಸಿಟ್ಟಿಗೆ ಮೀಸಲಿಟ್ಟಿತು. ಇಲ್ಲೊಂದು ಬಲೆ ಇದೆ. ಇಂದಿನ 'ಐರ್' ಈ ಇರ್ರೆಯ ಮುಂದುವರಿಕೆ ಎಂದು ಬಹಳ ಜನ ಭಾವಿಸುತ್ತಾರೆ. ಅಲ್ಲ. ಐರ್ ಬಂದದ್ದು 1300ರ ಆಸುಪಾಸಿನಲ್ಲಿ ಫ್ರೆಂಚಿನಿಂದ, ಲ್ಯಾಟಿನ್‌ನ 'ಈರಾ' ಅದರ ಮೂಲ. ಹಳೆಯ ಇರ್ರೆ ಮಧ್ಯಕಾಲದಲ್ಲಿ ಮಸುಕಾಗಿ ಸತ್ತೇಹೋಯಿತು. ಸದ್ದಿನಲ್ಲಿ ಹೋಲುವ ಪರಕೀಯ ಪದವೊಂದು ಅದೇ ಅರ್ಥ ಹೊತ್ತು ಬಂದು ಪಕ್ಕದಲ್ಲಿ ಕುಳಿತದ್ದೂ ಅದರ ಸಾವಿಗೆ ನೆರವಾಗಿರಬೇಕು ಎಂಬುದು ನನ್ನ ಎಣಿಕೆ.

ಎರಡನೆಯದು 'ವ್ರಾಥ್'. ಇಲ್ಲಿನ 'ಥ್' ಎಂದರೆ ಥಿಂಕ್ ಪದದ ಮೊದಲ ಸದ್ದು, ನಮ್ಮ ಥಕಾರವಲ್ಲ. ಇದು ವಿಶೇಷಣ, ಇದರಿಂದಾದ ನಾಮಪದ 'ವ್ರ್ಯಾಥ್ಥು'. ಇಂದಿನ ರಾತ್ ಇದರ ನೇರ ವಾರಸುದಾರ. ಬೇರಿನ ಅರ್ಥ ತಿರುಚು, ನುಲಿ. ನೋವಿನಿಂದ ಮೈ ತಿರುಚಿಕೊಳ್ಳುವುದಕ್ಕೆ ಇಂಗ್ಲಿಷ್ 'ರೈದ್' ಎನ್ನುತ್ತದೆ. ಹೂವು ಎಲೆಗಳನ್ನು ನುಲಿದು ಕಟ್ಟಿದ ವೃತ್ತ 'ರೀತ್'. ಮೂರೂ ಒಂದೇ ಧಾತುವಿನವು. ಮೂರರ ಬರಹದಲ್ಲೂ ಈಗ ಉಚ್ಚರಿಸದ ವಕಾರ ಮೊದಲಲ್ಲಿ ನಿಂತಿದೆ. ಹಳೆಯ ಇಂಗ್ಲಿಷಿನಲ್ಲಿ ಅದನ್ನು ಉಚ್ಚರಿಸುತ್ತಿದ್ದರು, ಆದ್ದರಿಂದಲೇ ನಾನು 'ವ್ರಾಥ್' ಎಂದು ಬರೆಯುತ್ತಿದ್ದೇನೆ. ನಾರ್ಸ್ ಭಾಷೆ ಆ ವಕಾರವನ್ನು ಬೇಗನೆ ಉದುರಿಸಿ 'ರೈದ್ರ್' ಮಾಡಿಕೊಂಡಿತು. ಸ್ವೀಡಿಷ್ ಮತ್ತು ಡ್ಯಾನಿಷ್ ಇಂದಿಗೂ 'ವ್ರೇಡ್' ಎಂದೇ ಬರೆಯುತ್ತವೆ. ಡಚ್ ಭಾಷೆಯ 'ವ್ರೇಟ್' ಮಾತ್ರ ಸಿಟ್ಟನ್ನು ದಾಟಿ ಕ್ರೌರ್ಯಕ್ಕೆ ಹೋಗಿದೆ.

ನಾಮಪದದ ವಿಚಾರದಲ್ಲಿ ಒಂದು ಎಚ್ಚರ ಬೇಕು. ವ್ರ್ಯಾಥ್ಥು ಮುಖ್ಯವಾಗಿ ಉತ್ತರದ ನಾರ್ಥಂಬ್ರಿಯ ಸೀಮೆಯ ರೂಪ. ಹತ್ತನೇ ಶತಮಾನದಲ್ಲಿ ಆಲ್ಡ್ರೆಡ್ ಎಂಬ ಪಾದ್ರಿ ಲಿಂಡಿಸ್ಫಾರ್ನ್ ಸುವಾರ್ತೆಯ ಲ್ಯಾಟಿನ್ ಸಾಲುಗಳ ನಡುವೆ ಬರೆದ ಪದಾರ್ಥಗಳಲ್ಲಿ ಅದು ಸಿಗುತ್ತದೆ. ದಕ್ಷಿಣದವರು ಅದೇ ಅರ್ಥಕ್ಕೆ ಇರ್ರೆ ಎನ್ನುತ್ತಿದ್ದರು. ಲೂಕನ ಸುವಾರ್ತೆಯ 3ನೇ ಅಧ್ಯಾಯದ 7ನೇ ವಚನವನ್ನು ತೆಗೆದುಕೊಳ್ಳಿ, 'ಬರಲಿರುವ ಕೋಪದಿಂದ ಓಡಿಹೋಗಲು ನಿಮಗೆ ತೋರಿಸಿದವರು ಯಾರು' ಎಂಬ ಮಾತು. 1000ದ ಆಸುಪಾಸಿನ ವೆಸ್ಟ್ ಸ್ಯಾಕ್ಸನ್ ಅನುವಾದದಲ್ಲಿ ಅಲ್ಲಿ ಇರ್ರೆ ಇದೆ. 14ನೇ ಶತಮಾನದ ವಿಕ್ಲಿಫ್ ಬೈಬಲಿನಲ್ಲಿ ರಾತ್ ಬಂದು ಕುಳಿತಿದೆ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲೂ ರಾತ್. ಒಂದೇ ವಚನದಲ್ಲಿ ಒಂದು ಪದ ಇಳಿದು ಇನ್ನೊಂದು ಏರಿದ್ದು ಹೀಗೆ ಕಣ್ಣಿಗೇ ಕಾಣುತ್ತದೆ. ಇಂದಿಗೂ ರಾತ್ ಪದಕ್ಕೆ ದೇವರ ಕೋಪ, ಮಹಾಪಾಪ ಎಂಬ ಗಾಂಭೀರ್ಯ ಅಂಟಿಕೊಂಡಿರುವುದು ಈ ಬೈಬಲ್ ಬಳಕೆಯಿಂದ. ಬಸ್ಸು ತಪ್ಪಿದ ಸಿಟ್ಟಿಗೆ ಯಾರೂ ರಾತ್ ಎನ್ನುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ಪದ 'ಟೊರ್ನ್'. ಜರ್ಮನ್ನಿನಲ್ಲಿ ಸಿಟ್ಟಿಗಿರುವ 'ತ್ಸೋರ್ನ್', ಡಚ್ಚಿನ 'ಟೋರ್ನ್' ಇದರ ಒಡಹುಟ್ಟುಗಳು. ಹರಿ, ಸೀಳು ಎಂಬ ಅರ್ಥದ ಧಾತುವಿಗೆ ಇದನ್ನು ಸೇರಿಸುತ್ತಾರೆ; ಇಂಗ್ಲಿಷಿನ 'ಟೇರ್' ಅದೇ ಧಾತುವಿನದು, ಸಂಸ್ಕೃತದಲ್ಲಿ 'ದೃ', ಅದರಿಂದ ವಿದಾರಣ, ವಿದೀರ್ಣ. ಸಂಸ್ಕೃತದ 'ದ' ಇಂಗ್ಲಿಷಿನಲ್ಲಿ 'ಟ' ಆಗುವುದನ್ನು ದಶ–ಟೆನ್, ದಂತ–ಟೂತ್ ಜೋಡಿಗಳಲ್ಲೂ ನೋಡಬಹುದು. ಆದರೆ ಇಂದಿನ ಇಂಗ್ಲಿಷಿನಲ್ಲಿ 'ಹರಿದುಹೋದ' ಎಂಬ ಅರ್ಥದ ಟೊರ್ನ್ ಬೇರೆ, ಅದು ಕ್ರಿಯಾಪದದ ಕೃದಂತ ರೂಪ. ಹಳೆಯ ನಾಮಪದ ಬಳಕೆಯಿಂದ ಅಳಿದುಹೋಗಿದೆ.

ಟೊರ್ನ್ ಎಂದರೆ ಸಿಟ್ಟೋ ದುಃಖವೋ? ಎರಡೂ. ಬೇವುಲ್ಫ್ ಕಾವ್ಯದ 147ನೇ ಸಾಲಿನಲ್ಲಿ ಡೇನರ ದೊರೆ ಹ್ರೋಥ್‌ಗಾರ್ ಹನ್ನೆರಡು ಚಳಿಗಾಲ ಟೊರ್ನ್ ಅನುಭವಿಸಿದ ಎಂದಿದೆ. ಗ್ರೆಂಡೆಲ್ ಎಂಬ ದೈತ್ಯ ರಾತ್ರಿ ಬಂದು ಅವನ ಜನರನ್ನು ಕೊಲ್ಲುತ್ತಿರುವಾಗ ಏನೂ ಮಾಡಲಾಗದೆ ಕುಳಿತ ಮುದುಕನ ಸಂಕಟ ಅದು. 2401ನೇ ಸಾಲಿನಲ್ಲಿ ಕಾವ್ಯದ ನಾಯಕ ಬೇವುಲ್ಫ್ 'ಟೊರ್ನೆ ಯೆಬೊಲ್ಗೆನ್', ಟೊರ್ನ್‌ನಿಂದ ಉಬ್ಬಿದವನಾಗಿ ಹನ್ನೆರಡು ಮಂದಿಯಲ್ಲಿ ಒಬ್ಬನಾಗಿ ಡ್ರ್ಯಾಗನ್ನನ್ನು ನೋಡಲು ಹೊರಡುತ್ತಾನೆ. ಇಲ್ಲಿ ಅದು ಆಯುಧ ಹಿಡಿಸುವ ಕೋಪ. ಪದ ಒಂದೇ, ಕೈಲಾಗದವನಲ್ಲಿ ಅಳಲಾಗಿ, ಕೈಲಾದವನಲ್ಲಿ ರೋಷವಾಗಿ ತೋರುತ್ತದೆ. ಎಕ್ಸೆಟರ್ ಕ್ಯಾಥೆಡ್ರಲ್‌ನಲ್ಲಿರುವ ಹತ್ತನೇ ಶತಮಾನದ ಹಸ್ತಪ್ರತಿಯಲ್ಲಿ 'ಅಲೆಮಾರಿ' ಎನ್ನಬಹುದಾದ ಒಂದು ಕವಿತೆಯಿದೆ. ಅದರ ಕೊನೆಯಲ್ಲಿ ಬರುವ ಬುದ್ಧಿಮಾತು: ಪರಿಹಾರ ಮೊದಲು ಗೊತ್ತಿಲ್ಲದ ಹೊರತು ಗಂಡಸಾದವನು ಎದೆಯ ಟೊರ್ನ್ ಅನ್ನು ದುಡುಕಿ ಹೊರಗೆಡಹಬಾರದು. ಕೆಲವು ಅನುವಾದಕರು ಅಲ್ಲಿ ಕೋಪ ಎಂದಿದ್ದಾರೆ, ಕೆಲವರು ದುಃಖ ಎಂದಿದ್ದಾರೆ. ಒಂದನ್ನು ಆರಿಸಿದರೆ ಇನ್ನೊಂದನ್ನು ಕಳೆದುಕೊಂಡಂತೆ.

ಇದರ ಜೊತೆಯಲ್ಲೇ ನೋಡಬೇಕಾದ್ದು 'ಗ್ರಮ'. ಇದು ಗುಡುಗಿನ, ಹಲ್ಲು ಕಡಿಯುವ ಸದ್ದಿನ ಸುತ್ತಲಿನ ಬೇರು. ರಷ್ಯನ್ನಿನಲ್ಲಿ ಗುಡುಗಿಗೆ ಇಂದಿಗೂ 'ಗ್ರೋಮ್' ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಗ್ರಮ ಎಂದರೆ ಉಗ್ರ ಕೋಪ. 'ಗ್ರಮ್' ಎಂಬ ವಿಶೇಷಣವನ್ನೇ ನಾಮಪದವಾಗಿಸಿ ವೈರಿಗಳು, ದೆವ್ವಗಳು ಎಂದೂ ಬಳಸಿದರು. ಜರ್ಮನ್ನಿನಲ್ಲಿ ಅದೇ 'ಗ್ರಾಮ್' ಕೋಪವನ್ನು ಬಿಟ್ಟು ಕೊರಗು ಎಂಬ ಅರ್ಥಕ್ಕೆ ಹೋಗಿ ನಿಂತಿದೆ. ನಾರ್ಸ್‌ನ ಆಂಗ್ರ್ ದುಃಖದಿಂದ ಸಿಟ್ಟಿಗೆ ಬಂದರೆ ಇದು ಸಿಟ್ಟಿನಿಂದ ದುಃಖಕ್ಕೆ ಹೋಯಿತು. ತೆರೆದ ಬಾಗಿಲು ಎಂದೆನಲ್ಲ, ಎರಡೂ ಕಡೆ ಓಡಾಟವಿತ್ತು. ಇಂಗ್ಲಿಷಿನಲ್ಲಿ ಈ ಕುಟುಂಬದಿಂದ ಉಳಿದದ್ದು 'ಗ್ರಿಮ್'. ಇಂದು ಅದಕ್ಕೆ ಕಳೆಗುಂದಿದ, ಆಶೆಯಿಲ್ಲದ ಎಂಬ ಛಾಯೆ ಬಂದಿದೆ. ಬೇವುಲ್ಫ್‌ನ 102ನೇ ಸಾಲಿನಲ್ಲಿ ಗ್ರೆಂಡೆಲ್‌ಗೆ ಇದೇ ವಿಶೇಷಣ ಇದೆ, ಅಲ್ಲಿ ಅದರ ಅರ್ಥ ಕ್ರೂರ, ಭಯಂಕರ. ಇಂದಿನ ಅರ್ಥವನ್ನು ಅಲ್ಲಿಗೆ ಹಿಡಿದುಕೊಂಡು ಹೋದರೆ ದೈತ್ಯ ಬೇಸರದ ಮುಖ ಹೊತ್ತವನಾಗಿಬಿಡುತ್ತಾನೆ.

'ಬೆಲ್ಗನ್' ಎಂಬ ಕ್ರಿಯಾಪದಕ್ಕೆ ಮೂಲಾರ್ಥ ಉಬ್ಬು. ಅದರ ಕೃದಂತ 'ಯೆಬೊಲ್ಗೆನ್', ಸಿಟ್ಟಿನಿಂದ ಉಬ್ಬಿದ. ಚರ್ಮದ ಚೀಲಕ್ಕೆ 'ಬೆಲ್ಗ್' ಎನ್ನುತ್ತಿದ್ದರು. ಇಂದಿನ ಬೆಲ್ಲಿ (ಹೊಟ್ಟೆ), ಬೆಲ್ಲೋಸ್ (ಕಮ್ಮಾರನ ತಿದಿ) ಅದರಿಂದ ಬಂದವು. ತಿದಿ ಗಾಳಿ ತುಂಬಿ ಹಿಗ್ಗುವಂತೆ ಸಿಟ್ಟು ಎದೆಯಲ್ಲಿ ತುಂಬಿ ಹಿಗ್ಗುತ್ತದೆ ಎಂಬ ಕಲ್ಪನೆ. ಈ ಕಾವ್ಯಗಳಲ್ಲಿ ಮನಸ್ಸಿನ ಮನೆ ತಲೆಯಲ್ಲ, ಎದೆ. ಅದಕ್ಕೇ ಟೊರ್ನ್ ಕೂಡ ಎದೆಯಿಂದ ಹೊರಬರುತ್ತದೆ.

ಬೆಂಕಿ, ಬಿಸಿ ಎಲ್ಲೂ ಇಲ್ಲವೇ ಎಂದರೆ, ಇದೆ. 'ಹಾಟ್‌ಹೆಯೊರ್ಟ್', ಬಿಸಿ ಹೃದಯದವನು. ಅದರಿಂದಾದ 'ಹಾಟ್‌ಹೆಯೊರ್ಟ್‌ನೆಸ್' ಲ್ಯಾಟಿನ್‌ನಿಂದ ಇಳಿಸಿದ ಗದ್ಯದಲ್ಲಿ, 'ಫುರೊರ್' ಎಂಬ ಪದಕ್ಕೆ ಸಾಟಿಯಾಗಿ ಮತ್ತೆ ಮತ್ತೆ ಬರುತ್ತದೆ. ಪದ್ಯದಲ್ಲಿ ವಿರಳ, ಆದರೂ ಆಗಲೇ ಹೇಳಿದ ಅಲೆಮಾರಿ ಕವಿತೆಯಲ್ಲೇ ಒಮ್ಮೆ ಇದೆ: ವಿವೇಕಿಯು ತಾಳ್ಮೆಯುಳ್ಳವನಿರಬೇಕು, ಅತಿ ಬಿಸಿಯೆದೆಯವನಾಗಬಾರದು, ಮಾತಿನಲ್ಲಿ ದುಡುಕಬಾರದು. ನಿಮಗೆ ಅಂಗಾರ ಸರಿಯೆನಿಸಿದ್ದು ಸಿಟ್ಟು ಎಂದರೆ ಸುಡುವುದು ಎಂಬ ನಮ್ಮ ರೂಢಿಯಿಂದ. ಹಳೆಯ ಇಂಗ್ಲಿಷಿನಲ್ಲಿ ಆ ರೂಪಕ ಹಲವುಗಳಲ್ಲಿ ಒಂದು ಮಾತ್ರ, ಮುಖ್ಯವಾದದ್ದಲ್ಲ. ಬೆಲ್ಜಿಯನ್ ಭಾಷಾವಿದ್ವಾಂಸರು 1990ರ ದಶಕದಿಂದ ಈ ಪ್ರಶ್ನೆಯನ್ನೇ ಕೆದಕಿದ್ದಾರೆ: ಬಿಸಿ–ಕೋಪದ ಹೋಲಿಕೆ ಮನುಷ್ಯರೆಲ್ಲರ ಮೈಯಿಂದ ಹುಟ್ಟಿದ್ದೋ, ಪುಸ್ತಕ ಮತ್ತು ವೈದ್ಯಶಾಸ್ತ್ರದಿಂದ ಹರಡಿದ್ದೋ ಎಂದು. ಇಂಗ್ಲಿಷಿನಲ್ಲಿ ಸಿಟ್ಟಿಗಿರುವ 'ಕಾಲರ್' ಎಂಬ ಪದ ಎರಡನೆಯದಕ್ಕೆ ಒಳ್ಳೆಯ ಉದಾಹರಣೆ. ಗ್ರೀಕ್ ವೈದ್ಯದ ಪಿತ್ತರಸ ಲ್ಯಾಟಿನ್, ಫ್ರೆಂಚ್ ದಾಟಿ 14ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದು ಸಿಟ್ಟಿನ ಹೆಸರಾಯಿತು. ಪಿತ್ತ ನೆತ್ತಿಗೇರಿತು ಎನ್ನುವ ನಮಗೆ ಅದನ್ನು ವಿವರಿಸಬೇಕಾಗಿಲ್ಲ.

ಚಿಕ್ಕವು ಇನ್ನೂ ಕೆಲವಿವೆ. 'ಆಂಡ' ಎಂದರೆ ಹಗೆ, ಮತ್ಸರ, ಕೆಲವೊಮ್ಮೆ ಧರ್ಮೋತ್ಸಾಹ; ಬೇರು ಉಸಿರು, ಆದ್ದರಿಂದ ನಮ್ಮ ಪ್ರಾಣ, ಅನಿಲಗಳ ಸಂಬಂಧಿ. 'ವೇಆಮೋಡ್‌ನಿಸ್' ಎಂದರೆ ನೋವುಮನಸ್ಸಿನ ಸ್ಥಿತಿ. 1000ದ ಆಸುಪಾಸಿನಲ್ಲಿ ಏಲ್ಫ್ರಿಕ್ ಎಂಬ ಪಾದ್ರಿ ಎಂಟು ಮಹಾದೋಷಗಳನ್ನು ಎಣಿಸುವಾಗ ಲ್ಯಾಟಿನ್‌ನ ಈರಾ ಪದಕ್ಕೆ ಇರ್ರೆ ಎನ್ನದೆ ಇದನ್ನೇ ಆರಿಸಿಕೊಂಡಿದ್ದಾನೆ, ಮನುಷ್ಯನು ತನ್ನ ಮನಸ್ಸಿನ ಮೇಲೆ ಹಿಡಿತ ಕಳೆದುಕೊಳ್ಳುವಂತೆ ಮಾಡುವ ದೋಷ ಎಂದು ವಿವರಿಸಿದ್ದಾನೆ. 'ವೋಡ್' ಎಂದರೆ ಉನ್ಮತ್ತ, ರೋಷಾವೇಶದ. ಜರ್ಮನ್ನಿನ 'ವೂಟ್' ಅದರ ಜೋಡಿ, ವೋಡೆನ್ ದೇವತೆಯ ಹೆಸರೂ ಅದರಿಂದಲೇ, ಆ ದೇವತೆಯ ದಿನವೇ ವೆಡ್ನೆಸ್‌ಡೇ. 11ನೇ ಶತಮಾನದ ಇತಿಹಾಸಕಾರ ಆಡಮ್ ಆಫ್ ಬ್ರೆಮೆನ್ ಆ ಹೆಸರಿಗೆ 'ಅಂದರೆ ಉನ್ಮಾದ' ಎಂದೇ ಅರ್ಥ ಬರೆದಿದ್ದಾನೆ. ಈ ವೋಡ್ ಪದ ಶೇಕ್ಸ್‌ಪಿಯರನ ಕಾಲದವರೆಗೂ ಉಸಿರಾಡುತ್ತಿತ್ತು. ಕಾಡು ಎಂಬರ್ಥದ 'ವುಡ್' ಜೊತೆ ಅದನ್ನು ಜೋಡಿಸಿ ಅವನು ಶ್ಲೇಷೆ ಮಾಡಿದ್ದಾನೆ. ಎರಡು ಪದಗಳ ಮೂಲ ಬೇರೆಬೇರೆ.

ರೇಜ್ ಮತ್ತು ಫ್ಯೂರಿ 1066ರ ನಾರ್ಮನ್ ವಿಜಯದ ನಂತರ ಫ್ರೆಂಚಿನ ಮೂಲಕ ಬಂದವು. ರೇಜ್‌ನ ಲ್ಯಾಟಿನ್ ಮೂಲ 'ರಾಬಿಯೇಸ್', ಹುಚ್ಚುನಾಯಿ ರೋಗಕ್ಕೆ ಇಂದಿಗೂ ಇರುವ ಹೆಸರು. ಅದನ್ನು ಸಂಸ್ಕೃತದ ರಭಸದ ಜೊತೆ ಜೋಡಿಸುವ ನಿಘಂಟುಗಳಿವೆ, ಎಲ್ಲರೂ ಒಪ್ಪಿದ್ದಲ್ಲ. ಒಟ್ಟಿನಲ್ಲಿ ನೀವು ಕೇಳಿದ ನಾಲ್ಕು ಪದಗಳಿಗೆ ಬೇರು ಒಂದೇ ಅಲ್ಲ. ರಾತ್ ಮಾತ್ರ ಹಳೆಯ ಇಂಗ್ಲಿಷಿನದು. ಉಳಿದ ಮೂರು ಲ್ಯಾಟಿನ್‌ನ ಮೂರು ಬೇರೆ ಪದಗಳಿಂದ ಬಂದವು.

ಇನ್ನು ನಿಮ್ಮ ಅನುವಾದದ ವಿಷಯ. 702ರಿಂದ 770ರವರೆಗಿನ ಸಾಲುಗಳಿಂದ ಆರಂಭಿಸಿ. ಗ್ರೆಂಡೆಲ್ ಕತ್ತಲಲ್ಲಿ ಬಂದು ಬಾಗಿಲು ಮುರಿಯುವ ಭಾಗ ಅದು, ಸಿಟ್ಟಿನ ಪದಗಳು ದಟ್ಟವಾಗಿವೆ, ಎಡವುವ ಜಾಗಗಳೂ ಅಷ್ಟೇ ಇವೆ. 708ರಲ್ಲಿ ಬರುವ 'ವ್ರಾಥುಮ್' ಸಿಟ್ಟಾದ ಎಂದಲ್ಲ. ವಿಶೇಷಣ ಇಲ್ಲಿ ನಾಮಪದವಾಗಿದೆ, ಚತುರ್ಥಿ ವಿಭಕ್ತಿಯಲ್ಲಿದೆ, ಅರ್ಥ 'ಹಗೆಗಾಗಿ', ಅಂದರೆ ವೈರಿಗಾಗಿ. ಅದೇ ಸಾಲಿನ 'ಆಂಡ' ಮತ್ತು ಮುಂದಿನ ಸಾಲಿನ 'ಬೊಲ್ಗೆನ್‌ಮೋಡ್' ಎಚ್ಚರವಾಗಿ ಕಾದು ಮಲಗಿರುವ ಬೇವುಲ್ಫ್‌ನವು. 711ರಲ್ಲಿ ಗ್ರೆಂಡೆಲ್ 'ದೇವರ ಇರ್ರೆ ಹೊತ್ತಿದ್ದ' ಎಂದಿದೆ. ಕೋಪ ದೇವರದು, ಅದನ್ನು ಹೊತ್ತು ತಿರುಗುವವನು ದೈತ್ಯ. 723ರಲ್ಲಿ 'ಯೆಬೊಲ್ಗೆನ್' ಆಗಿ ಬಾಗಿಲು ಒಡೆಯುವವನು ಗ್ರೆಂಡೆಲ್. 726ರಲ್ಲಿ ಅವನು 'ಇರ್ರೆಮೋಡ್' ಆಗಿ ಒಳಗೆ ನಡೆಯುತ್ತಾನೆ, ಕಣ್ಣಿನಿಂದ ಜ್ವಾಲೆಯಂಥ ವಿಕಾರ ಬೆಳಕು ಹೊಮ್ಮುತ್ತದೆ. 769ರಲ್ಲಿ 'ಇಬ್ಬರೂ ಇರ್ರೆ ಆಗಿದ್ದರು'. ಕವಿ ವೀರನಿಗೂ ದೈತ್ಯನಿಗೂ ಒಂದೇ ಪದಗಳನ್ನು ಹಂಚಿದ್ದಾನೆ. ಬೇವುಲ್ಫ್‌ಗೆ ವೀರಾವೇಶ, ಗ್ರೆಂಡೆಲ್‌ಗೆ ಕ್ರೋಧ ಎಂದು ಕನ್ನಡದಲ್ಲಿ ಬೇರೆ ಮಾಡಿದರೆ ಓದಲು ಚೆಂದವಾದೀತು, ಆದರೆ ಕವಿ ಮಾಡದ ತೀರ್ಪನ್ನು ನೀವು ಮಾಡಿದಂತಾಗುತ್ತದೆ. ಒಂದು ಪದಕ್ಕೆ ಒಂದೇ ಪದ ಎಂಬ ಪಟ್ಟಿ ಇಟ್ಟುಕೊಂಡು ಇಬ್ಬರಿಗೂ ಅದನ್ನೇ ಬಳಸಿ.

ಆ ಪಟ್ಟಿಗೆ ನನ್ನ ಸಲಹೆಗಳು ಹೀಗಿವೆ. ಇರ್ರೆಗೆ ಕೋಪ, ಬೇರೇನೂ ಬೇಡ. ಅದು ಸಾದಾ ಪದ. ಟೊರ್ನ್‌ಗೆ ಬೇಗುದಿ: ದುಃಖವನ್ನೂ ಒಳಗೇ ಕುದಿಯುವ ರೋಷವನ್ನೂ ಒಟ್ಟಿಗೆ ಹೊರಬಲ್ಲ ಪದ ನಮ್ಮಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಕಾಣುತ್ತಿಲ್ಲ. ಅದರೊಳಗೆ ಬಿಸಿ ನುಸುಳುತ್ತದೆ ನಿಜ, ಆ ನಷ್ಟವನ್ನು ಒಪ್ಪಿಕೊಳ್ಳಬಹುದು. ಯೆಬೊಲ್ಗೆನ್‌ಗೆ ಉಬ್ಬುವ ಚಿತ್ರ ಬೇಕು, ಆದರೆ 'ಮುಖ ಊದಿಸಿಕೊಂಡು' ಎಂದರೆ ದೈತ್ಯ ಮುನಿಸಿಕೊಂಡ ಮಗುವಾಗುತ್ತಾನೆ. 'ರೋಷ ಉಬ್ಬರಿಸಿ' ಎನ್ನಿ. 'ಸಿಟ್ಟು ಉಕ್ಕಿ' ಎಂದರೆ ಒಲೆಯ ಮೇಲಿನ ಹಾಲಿನ ಚಿತ್ರ ಬರುತ್ತದೆ, ಮೂಲದಲ್ಲಿ ಒಲೆ ಇಲ್ಲ. ನಾಮಪದವಾದ ವ್ರಾಥ್‌ಗೆ 'ಹಗೆ'. ಹಾಟ್‌ಹೆಯೊರ್ಟ್‌ಗೆ 'ಮುಂಗೋಪಿ' ಹೇಳಿ ಮಾಡಿಸಿದಂತಿದೆ. ಕ್ರೋಧ ಎಂಬುದನ್ನು ಏಲ್ಫ್ರಿಕ್‌ನ ದೋಷಪಟ್ಟಿಯಂಥ ಧರ್ಮಗದ್ಯಕ್ಕೆ ಮೀಸಲಿಡಿ. ಅರಿಷಡ್ವರ್ಗದ ನೆನಪು ಅಲ್ಲಿ ಸಹಜವಾಗಿ ಹೊಂದುತ್ತದೆ, ಯುದ್ಧದ ಪದ್ಯದಲ್ಲಿ ಹೊಂದುವುದಿಲ್ಲ.

ನಿಘಂಟು ನೋಡುವಾಗ ಮೂರು ತೊಡಕು ಎದುರಾಗುತ್ತವೆ. ಮೊದಲನೆಯದು ಕಾಗುಣಿತ. ಇರ್ರೆ ಒಂದೇ ಪದವಾದರೂ ಊರು ಮತ್ತು ಕಾಲಕ್ಕೆ ತಕ್ಕಂತೆ 'ಇಎರ್ರೆ', 'ಎಒರ್ರೆ' ಎಂದೆಲ್ಲ ಬರೆಯಲಾಗಿದೆ; ಒಂದು ರೂಪದಲ್ಲಿ ಸಿಗದಿದ್ದರೆ ಉಳಿದ ರೂಪಗಳಲ್ಲಿ ಹುಡುಕಿ. ಎರಡನೆಯದು 'ಯೆ' ಎಂಬ ಪೂರ್ವಪ್ರತ್ಯಯ. ಬರಹದಲ್ಲಿ ಅದು ಗಕಾರದಿಂದ ಶುರುವಾಗುತ್ತದೆ. 1898ರ ಬಾಸ್ವರ್ತ್–ಟಾಲರ್ ನಿಘಂಟಿನಲ್ಲಿ ಯೆಬೆಲ್ಗನ್ ಅನ್ನು ಗಕಾರದ ಅಡಿ ಹುಡುಕಬೇಕು. ಟೊರಂಟೊ ವಿಶ್ವವಿದ್ಯಾಲಯದ ಹಳೆಯ ಇಂಗ್ಲಿಷ್ ನಿಘಂಟಿನಲ್ಲಿ ಮೂಲ ಕ್ರಿಯಾಪದವಾದ ಬೆಲ್ಗನ್ ಅಡಿಯಲ್ಲೇ ನೋಡಬೇಕು. ಮೂರನೆಯದು, ಟೊರಂಟೊ ನಿಘಂಟು ವರ್ಣಮಾಲೆಯ ಕ್ರಮದಲ್ಲಿ ಇನ್ನೂ ಹೊರಬರುತ್ತಿದೆ. ಆಂಡ, ಬೆಲ್ಗನ್, ಗ್ರಮಗಳಿಗೆ ಅದನ್ನೇ ನಂಬಿ, ಉದಾಹರಣೆಗಳು ಸಮೃದ್ಧವಾಗಿವೆ. ಟೊರ್ನ್, ವ್ರಾಥ್, ವೋಡ್ ವರ್ಣಮಾಲೆಯ ಕೊನೆಯ ಭಾಗದವು. ಅವುಗಳಿಗೆ ಬಾಸ್ವರ್ತ್–ಟಾಲರ್, ಜೊತೆಗೆ ಅದರ 1921ರ ಪುರವಣಿ ಎರಡನ್ನೂ ತೆರೆದಿಟ್ಟುಕೊಳ್ಳಿ, ಏಕೆಂದರೆ ಪುರವಣಿಯಲ್ಲಿ ತಿದ್ದುಪಡಿಗಳಿವೆ. ಆ್ಯಂಗರ್ ಪದದ ಬದಲಾದ ಅರ್ಥಗಳನ್ನು ಹೆಜ್ಜೆ ಹೆಜ್ಜೆಯಾಗಿ ನೋಡಲು ಮಿಶಿಗನ್ ವಿಶ್ವವಿದ್ಯಾಲಯದ ಮಧ್ಯಕಾಲೀನ ಇಂಗ್ಲಿಷ್ ನಿಘಂಟು ಬೇಕು. ಅದು 2001ರಲ್ಲಿ ಪೂರ್ಣಗೊಂಡಿದೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.